ಗಣಕಯಂತ್ರಕ್ಕೆ ಜ್ವರ ಬಂದಾಗ

ಬಳ್ಳಾರಿಯಲ್ಲಿ ಇರುವ ಕಾಲಗಳು ಎರಡೇ, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ, ಎಂದು ಆ ಊರಿನವರೇ ನಗೆಯಾಡುವುದುಂಟು. ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಊಟ ಮುಗಿಸಿ ಎಲೆಯಡಕೆ ಮೆಲ್ಲುತ್ತ ಕುಳಿತಿದ್ದೆ. ಒಳಕೋಣೆಯಿಂದ, "ಅಯ್ಯೋ, ಮತ್ತೆ ಆರಿಹೋಯಿತು!" ಎಂಬ ಕೂಗು ಕೇಳಿಬಂದಿತು. ತಂಗಿಯ ಮಗಳ ದನಿ ಅದು. ಎಂಜಿನಿಯರಿಂಗ್ ಓದಿನ ಕೊನೆಯ ವರ್ಷದಲ್ಲಿರುವ ಹುಡುಗಿ. ಹತ್ತು ದಿನಗಳೊಳಗೆ ಪ್ರಾಜೆಕ್ಟ್ ವರದಿಯನ್ನು ಒಪ್ಪಿಸಬೇಕು. ಅದಕ್ಕೆ ಬೇಕಾದ ಲೆಕ್ಕಾಚಾರವನ್ನೆಲ್ಲ ಮನೆಯ ಗಣಕಯಂತ್ರವೇ ಮಾಡಿಕೊಡಬೇಕು. ಆ ಯಂತ್ರವಾದರೋ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು, ಹೇಳದೆ ಕೇಳದೆ ಕಣ್ಣು ಮುಚ್ಚಿಬಿಡುತ್ತಿತ್ತು.

"ಒಂದು ವಾರದಿಂದ ಇದೇ ಪಾಡು, ಭಾವ," ಎಂದರು ತಂಗಿಯ ಯಜಮಾನರು. "ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ದಿನವೆಲ್ಲ ಸರಿಯಾಗಿ ನಡೆಯಿತು. ಮನೆಗೆ ತಂದ ಮಧ್ಯಾಹ್ನವೇ ಮತ್ತೆ ಆರಿತು. ಮದರ್‌ಬೋರ್ಡಿನಲ್ಲಿ ಏನೋ ಒಳದೋಷವಿರಬೇಕು, ಐದು ವರ್ಷದ ಹಳೆಯ ಯಂತ್ರ, ಹೊಸದನ್ನೇ ಕೊಳ್ಳಿರಿ ಎನ್ನುತ್ತಾನೆ ಅಂಗಡಿಯವನು. ನಲವತ್ತೈದು ಸಾವಿರ ರೂಪಾಯಿ!"

ತಂಗಿ ಮಾತಾಡಲಿಲ್ಲ. ಮಗಳ ಕೊನೆಯ ಕಂತಿನ ಶುಲ್ಕಕ್ಕೆಂದು ಬ್ಯಾಂಕಿನಲ್ಲಿ ಇರಿಸಿದ್ದ ಹಣದ ನೆನಪು ಅವಳಿಗೂ ಬಂದಿರಬೇಕು, ನನಗೂ ಬಂದಿತು.

"ಬೆಳಗಿನ ಜಾವ ಕುಳಿತಾಗಲೂ ಆರುವುದುಂಟೇನಮ್ಮಾ?" ಎಂದು ಹುಡುಗಿಯನ್ನು ಕೇಳಿದೆ.

"ಇಲ್ಲ, ಮಾವ. ಐದು ಗಂಟೆಗೆ ಹಚ್ಚಿದರೆ ಎಂಟರವರೆಗೂ ತಂಟೆಯಿಲ್ಲ. ಬಿಸಿಲೇರಿದ ಮೇಲೆಯೇ ಈ ಕಾಟ."

"ಆ ಅಂಗಡಿಯಲ್ಲಿ ಏರ್ ಕಂಡಿಷನರ್ ಉಂಟೆ?"

"ಉಂಟು. ಪೆಟ್ಟಿಗೆಯ ಪಕ್ಕದ ತಗಡನ್ನೂ ತೆಗೆದೇ ಇಟ್ಟಿದ್ದರು."

ಅಷ್ಟು ಸಾಕಾಯಿತು. ಬೆಳಗಿನ ತಂಪಿನಲ್ಲಿ ನಡೆಯುವುದು, ತಂಪು ಮಾಡಿದ ಅಂಗಡಿಯಲ್ಲಿ ನಡೆಯುವುದು, ಬಿಸಿಲೇರಿದ ಮನೆಯಲ್ಲಿ ಮಾತ್ರ ನಿಲ್ಲುವುದು: ಇದು ಮುರಿದ ಯಂತ್ರದ ಲಕ್ಷಣವಲ್ಲ, ಜ್ವರ ಬಂದ ಯಂತ್ರದ ಲಕ್ಷಣ. ಅಂಗಡಿಯವನು ಮೋಸಗಾರನೆಂದು ನಾನು ಹೇಳಲಾರೆ. ರೋಗಿ ಅವನೆದುರು ಬಂದಾಗ ಜ್ವರವೇ ಇಳಿದಿತ್ತು!

ಇಂದು ಎಷ್ಟೋ ಮನೆಗಳಲ್ಲಿ ಈ ಸಂಗತಿ ನಡೆಯುತ್ತಿದೆ. ಮೇಜಿನ ಮೇಲಿನ ಗಣಕಯಂತ್ರ ನಿಧಾನವಾಗುವುದು, ಗಾಳಿಯಂತ್ರದಂತೆ ಭೋರೆಂದು ಸದ್ದು ಮಾಡುವುದು, ಕೊನೆಗೊಂದು ದಿನ ತಾನಾಗಿ ಆರುವುದು. ಇದನ್ನು ಕಂಡು ಗಟ್ಟಿಮುಟ್ಟಾದ ಯಂತ್ರವನ್ನು ಮೂಲೆಗೆ ಸೇರಿಸಿದವರುಂಟು. ಅದರೊಳಗಿನ ಕಾವು ಹೊರಗೆ ಹೋಗುವ ದಾರಿಯನ್ನು ಬಿಡಿಸಿಕೊಟ್ಟರೆ, ಅನೇಕ ವೇಳೆ, ಅದೇ ಯಂತ್ರ ಇನ್ನೂ ಕೆಲವು ವರ್ಷ ದುಡಿಯಬಲ್ಲದು. ಆ ದಾರಿ ಯಾವುದು, ಅದು ಎಲ್ಲೆಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಮನೆಯವರು ತಿಳಿದಿರುವುದು ಒಳ್ಳೆಯದು.

ಇಸ್ತ್ರಿಪೆಟ್ಟಿಗೆಯನ್ನು ಮೀರಿದ ಕಾವು

ಗಣಕಯಂತ್ರದ ಮಿದುಳು ಎಂದರೆ ಪ್ರೊಸೆಸರ್. ಅದರೊಳಗಿನ ಸಿಲಿಕಾನ್ ತುಣುಕಿನ ವಿಸ್ತಾರ ಸಾಮಾನ್ಯವಾಗಿ ಒಂದೆರಡು ಚದರ ಸೆಂಟಿಮೀಟರ್. ನಮ್ಮ ಹೆಬ್ಬೆರಳ ಉಗುರಿನಷ್ಟು. ಅಷ್ಟರಲ್ಲೇ ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಲೆಕ್ಕವಿಲ್ಲದಷ್ಟು ಬಾರಿ ವಿದ್ಯುತ್ತನ್ನು ಬಿಟ್ಟು ತಡೆದು ಮಾಡುತ್ತವೆ. ಈ ಕೆಲಸಕ್ಕೆ ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಕಾವಾಗಿಯೇ ಹೊರಬರಬೇಕು.

ಮನೆಬಳಕೆಯ ಪ್ರೊಸೆಸರುಗಳಲ್ಲಿ ಬಹಳ ಸಾಮಾನ್ಯವಾದುದು ೬೫ ವ್ಯಾಟಿನದು. ಇದೇನು ದೊಡ್ಡದು, ಇಸ್ತ್ರಿಪೆಟ್ಟಿಗೆಯೇ ಸಾವಿರ ವ್ಯಾಟಿನದಲ್ಲವೆ ಎಂದು ಕೇಳಬಹುದು. ಆದರೆ ಇಸ್ತ್ರಿಪೆಟ್ಟಿಗೆಯ ಕಾವು ಸುಮಾರು ಇನ್ನೂರು ಚದರ ಸೆಂಟಿಮೀಟರಿನ ತಳದಲ್ಲಿ ಹರಡಿರುತ್ತದೆ. ಚದರ ಸೆಂಟಿಮೀಟರಿಗೆ ೫ ವ್ಯಾಟು. ೬೫ ವ್ಯಾಟು ಎರಡೇ ಚದರ ಸೆಂಟಿಮೀಟರಿನಲ್ಲಿ ಹುಟ್ಟಿದರೆ ಚದರ ಸೆಂಟಿಮೀಟರಿಗೆ ೩೨ ವ್ಯಾಟಿಗೂ ಹೆಚ್ಚಾಯಿತು. ಕಾದ ಇಸ್ತ್ರಿಪೆಟ್ಟಿಗೆಗಿಂತ ಆರು ಪಟ್ಟು ದಟ್ಟವಾದ ಕಾವು! ಅದನ್ನು ಅಲ್ಲಿಂದ ಸಾಗಿಸದೆ ಬಿಟ್ಟರೆ ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು.

ಮೊದಲಿನಿಂದಲೂ ಹೀಗಿರಲಿಲ್ಲ. ಇಂಟೆಲ್ ಸಂಸ್ಥೆ ೧೯೭೧ರಲ್ಲಿ ಹೊರತಂದ ೪೦೦೪ ಎಂಬ ಪ್ರೊಸೆಸರಿನಲ್ಲಿ ಇದ್ದ ಟ್ರಾನ್ಸಿಸ್ಟರುಗಳು ೨,೩೦೦ ಮಾತ್ರ. ಅದಕ್ಕೆ ಫ್ಯಾನಿನ ಮಾತೇ ಇರಲಿಲ್ಲ. ೧೯೯೩ರಲ್ಲಿ ಪೆಂಟಿಯಂ ಬಂದಮೇಲೆ ಲೋಹದ ಹಲ್ಲೆ, ಅದರ ಮೇಲೊಂದು ಫ್ಯಾನು ಎಂಬುದು ಮನೆಯ ಯಂತ್ರಗಳಲ್ಲಿ ವಾಡಿಕೆಯಾಯಿತು. ವೇಗ ಏರಿದಂತೆಲ್ಲ ಕಾವೂ ಏರಿತು. ೨೦೦೪ರಲ್ಲಿ ಬಂದ ಪೆಂಟಿಯಂ ೪ರ ಮಾದರಿಗಳಲ್ಲಿ ಕೆಲವು ನೂರು ವ್ಯಾಟನ್ನೂ ದಾಟಿದುವು. ಅದೇ ವರ್ಷದ ಅಕ್ಟೋಬರಿನಲ್ಲಿ, ಆ ಪ್ರೊಸೆಸರನ್ನು ೪ ಗಿಗಾಹರ್ಟ್ಸ್ ವೇಗಕ್ಕೆ ಏರಿಸುವ ಯೋಜನೆಯನ್ನು ಇಂಟೆಲ್ ಕೈಬಿಟ್ಟಿತು. ಒಂದೇ ಕುದುರೆಯನ್ನು ಸಾಯುವಂತೆ ಓಡಿಸುವ ಬದಲು ಎರಡು ಕುದುರೆಗಳನ್ನು ಹದವಾಗಿ ಓಡಿಸುವ ಉಪಾಯ ಮೇಲೆ ಬಂದಿತು. ೨೦೦೬ರಲ್ಲಿ ಬಂದ ಕೋರ್ ೨ ಡ್ಯುಯೊ ಎರಡು ತಿರುಳುಗಳಿಂದ ಕೂಡಿದ್ದೂ ೬೫ ವ್ಯಾಟಿನಲ್ಲಿ ನಿಂತಿತು. ಲೋಕದ ದೊಡ್ಡ ದೊಡ್ಡ ಎಂಜಿನಿಯರುಗಳನ್ನು ದಾರಿ ಬದಲಿಸುವಂತೆ ಮಾಡಿದ ಕಾವು, ನಮ್ಮ ಮನೆಯ ಮೇಜಿನ ಕೆಳಗೆ ತಂಟೆ ಮಾಡಿದರೆ ಆಶ್ಚರ್ಯವೇನು?

ಜ್ವರವನ್ನು ಅಳೆಯುವುದು

ಮೈ ಮುಟ್ಟಿ ನೋಡಿ ಔಷಧ ಕೊಡುವ ವೈದ್ಯನಿಗಿಂತ ಜ್ವರಮಾಪಕ ಇಟ್ಟು ನೋಡುವ ವೈದ್ಯ ಮೇಲು. ಪ್ರೊಸೆಸರಿನೊಳಗೇ ಉಷ್ಣಮಾಪಕಗಳುಂಟು. ಯಂತ್ರ ಏಳುವಾಗ ಬಯಾಸ್ ಪುಟವನ್ನು ತೆರೆದರೆ ಅಲ್ಲಿ ಅಂಕಿ ಕಾಣುವುದು. ಕೆಲಸದ ನಡುವೆ ನೋಡಬೇಕೆಂದರೆ ಕೋರ್ ಟೆಂಪ್‌ನಂತಹ ಸಣ್ಣ ತಂತ್ರಾಂಶಗಳಿವೆ.

ಯಂತ್ರ ಸುಮ್ಮನಿರುವಾಗ ಪ್ರೊಸೆಸರಿನ ಉಷ್ಣತೆ ಕೋಣೆಗಿಂತ ಹತ್ತು ಇಪ್ಪತ್ತು ಡಿಗ್ರಿ ಮೇಲಿರುವುದು ಸಹಜ. ಕಷ್ಟದ ಕೆಲಸ ಮಾಡುವಾಗ ೬೦ರಿಂದ ೮೫ ಡಿಗ್ರಿ ಸೆಲ್ಸಿಯಸ್ ಆದರೂ ಗಾಬರಿಪಡಬೇಕಾಗಿಲ್ಲ. ಬಹಳಷ್ಟು ಪ್ರೊಸೆಸರುಗಳು ೯೫ ಅಥವಾ ೧೦೦ರ ಹತ್ತಿರ ಬಂದೊಡನೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಬಿಸಿಲಲ್ಲಿ ದಣಿದ ಎತ್ತು ಹೆಜ್ಜೆ ನಿಧಾನ ಮಾಡುವಂತೆ ಇದು. 'ಯಾಕೋ ಕಂಪ್ಯೂಟರ್ ಈಚೆಗೆ ಮಂದವಾಗಿದೆ' ಎಂಬ ದೂರಿನ ಹಿಂದೆ ಈ ಗುಟ್ಟಿರುವುದುಂಟು. ಹಾಗೆ ತಗ್ಗಿಸಿಕೊಂಡರೂ ಕಾವು ಇಳಿಯದಿದ್ದರೆ, ತನ್ನ ಪ್ರಾಣ ಉಳಿಸಿಕೊಳ್ಳಲು ಯಂತ್ರ ಒಮ್ಮೆಲೇ ಆರುತ್ತದೆ.

ಇಲ್ಲಿ ನಮ್ಮ ಊರುಗಳ ಹವೆಯನ್ನೂ ಮರೆಯುವಂತಿಲ್ಲ. ಫ್ಯಾನು ಎಷ್ಟೇ ತಿರುಗಲಿ, ಅದು ಬೀಸುವುದು ಕೋಣೆಯ ಗಾಳಿಯನ್ನೇ. ಕೋಣೆ ೨೮ ಡಿಗ್ರಿ ಇದ್ದಾಗ ಪ್ರೊಸೆಸರ್ ೮೮ ತೋರಿಸುತ್ತಿದ್ದರೆ, ಕೋಣೆ ೩೮ ಆದಾಗ ಅದು ಹೆಚ್ಚು ಕಡಿಮೆ ೯೮ಕ್ಕೆ ಏರುತ್ತದೆ. ಬೆಂಗಳೂರಿನಲ್ಲಿ ಹೇಗೋ ನಡೆದುಕೊಂಡು ಹೋಗುವ ಯಂತ್ರ ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಏಪ್ರಿಲ್ ಬಂದೊಡನೆ ಮುಷ್ಕರ ಹೂಡುವುದಕ್ಕೆ ಇದೇ ಕಾರಣ.

ನಮ್ಮ ಹುಡುಗಿ ಅಳೆದು ನೋಡಿದಳು. ಕೋಣೆಯಲ್ಲಿ ೩೭ ಡಿಗ್ರಿ. ಲೆಕ್ಕ ಹಚ್ಚಿದ ಹತ್ತೇ ನಿಮಿಷಕ್ಕೆ ಪ್ರೊಸೆಸರ್ ನೂರು ಮುಟ್ಟಿತು. ಇನ್ನೂ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು.

ಗವುಸಿನ ಕಥೆ

ಯಂತ್ರವಿದ್ದ ಸ್ಥಳವನ್ನು ನೋಡಿ ನನಗೆ ನಗು ಬಂದಿತು. ಬಡಗಿಯಿಂದ ಮಾಡಿಸಿದ ಅಂದವಾದ ಮೇಜು, ಅದರ ಕೆಳಗೆ ಬಾಗಿಲಿರುವ ಒಂದು ಗೂಡು, ಗೂಡಿನೊಳಗೆ ಯಂತ್ರ. ಅದರ ಮೇಲೆ ತಂಗಿಯೇ ಹೊಲಿದು, ಅಂಚಿಗೆ ಕಸೂತಿ ಹಾಕಿದ ಗವುಸು. ಧೂಳು ತಾಗಬಾರದೆಂಬ ಮಮತೆಯಿಂದ ಮಾಡಿದ ಕೆಲಸ. ನಡೆಯುವ ಯಂತ್ರಕ್ಕೆ ಮಾತ್ರ ಅದು ಬೇಸಗೆಯಲ್ಲಿ ಹೊದಿಸಿದ ಕಂಬಳಿ.

ಪೆಟ್ಟಿಗೆಗೆ ಗಾಳಿ ಸಾಮಾನ್ಯವಾಗಿ ಮುಂದುಗಡೆಯಿಂದ ಒಳಗೆ ಬಂದು ಹಿಂದುಗಡೆಯಿಂದ, ಕೆಲವದರಲ್ಲಿ ಮೇಲುಗಡೆಯಿಂದಲೂ, ಹೊರಗೆ ಹೋಗಬೇಕು. ನೂರು ವ್ಯಾಟಿನ ಕಾವನ್ನು ಹೊತ್ತೊಯ್ಯುವ ಗಾಳಿ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದರೆ, ಪ್ರತಿ ಸೆಕೆಂಡಿಗೆ ಸುಮಾರು ೮ ಲೀಟರ್ ಗಾಳಿ ಒಳಹೊಕ್ಕು ಹೊರಬರಬೇಕಾಗುವುದು. ಅಂದರೆ ಎರಡೆರಡು ಸೆಕೆಂಡಿಗೂ ಒಂದೊಂದು ಬಕೆಟ್ಟಿನಷ್ಟು ಗಾಳಿ! ಮುಚ್ಚಿದ ಗೂಡಿನಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಬಿಟ್ಟ ಬಿಸಿ ಉಸಿರನ್ನೇ ಯಂತ್ರ ಮತ್ತೆ ಎಳೆದುಕೊಳ್ಳುತ್ತದೆ.

ಆದುದರಿಂದ ಮೊದಲನೆಯ ಚಿಕಿತ್ಸೆಗೆ ಬಿಡಿಗಾಸಿನ ಖರ್ಚಿಲ್ಲ. ಪೆಟ್ಟಿಗೆಯನ್ನು ಗೂಡಿನಿಂದ ಹೊರಗೆ ತೆಗೆಯಿರಿ. ಹಿಂದೆ ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಬಿಡಿರಿ. ಕಿಟಕಿಯ ಬಿಸಿಲು ಬೀಳುವ ಕಡೆ ಬೇಡ. ನೆಲದ ಮೇಲಿಡದೆ ಸಣ್ಣ ಮಣೆಯ ಮೇಲಿಟ್ಟರೆ ಕಸ ಗುಡಿಸುವಾಗಿನ ಧೂಳು ಅಷ್ಟಾಗಿ ಒಳಹೋಗದು. ದೇವರ ಮನೆಯ ಊದುಬತ್ತಿಯ ಹೊಗೆ, ಅಡಿಗೆಮನೆಯ ಒಗ್ಗರಣೆಯ ಹೊಗೆ ಇವೆರಡರಿಂದಲೂ ದೂರವಿರಲಿ. ಅವುಗಳ ಜಿಡ್ಡು ಧೂಳನ್ನು ಗಟ್ಟಿಯಾಗಿ ಅಂಟಿಸುತ್ತದೆ. ಗವುಸನ್ನು ಯಂತ್ರ ಆರಿಸಿ, ತಣಿದ ಮೇಲೆ ಹಾಕಿದರೆ ತಪ್ಪಿಲ್ಲ.

ಇಷ್ಟು ಮಾಡಿದ ಮೇಲೆ ಅದೇ ಲೆಕ್ಕ ಹಚ್ಚಿ ನೋಡಿದೆವು. ೯೩ ಡಿಗ್ರಿ. ಯಂತ್ರ ಆರಲಿಲ್ಲ. "ಎಲ್ಲ ನನ್ನ ಗವುಸಿನದೇ ತಪ್ಪೇನಣ್ಣ?" ಎಂದಳು ತಂಗಿ. "ಮೂರರಲ್ಲಿ ಒಂದು ಪಾಲು ಮಾತ್ರ," ಎಂದೆ.

ಧೂಳಿನ ಪದರ

ಪ್ರೊಸೆಸರಿನ ಮೇಲೆ ಕುಳಿತಿರುವ ಲೋಹದ ಹಲ್ಲೆಗಳ ಸಾಧನಕ್ಕೆ ಹೀಟ್ ಸಿಂಕ್ ಎಂದು ಹೆಸರು. ಬಿಸಿ ಕಾಫಿಯನ್ನು ಲೋಟದಿಂದ ಅಗಲವಾದ ಬಟ್ಟಲಿಗೆ ಸುರಿದರೆ ಬೇಗ ಆರುವುದಲ್ಲವೆ? ಗಾಳಿಗೆ ತೆರೆದ ಮೈ ಹೆಚ್ಚಾದಷ್ಟೂ ಕಾವು ಬೇಗ ಹೋಗುತ್ತದೆ. ಹೀಟ್ ಸಿಂಕಿನ ತೆಳ್ಳನೆಯ ಹಲ್ಲೆಗಳು ಆ ಮೈಯನ್ನು ಹತ್ತಾರು ಪಟ್ಟು ಹೆಚ್ಚಿಸುತ್ತವೆ. ಹಲ್ಲೆಗಳ ನಡುವಣ ಸಂದು ಧೂಳಿನಿಂದ ಮುಚ್ಚಿದರೆ ಫ್ಯಾನು ಬೀಸಿದ ಗಾಳಿ ಅವುಗಳನ್ನು ಮುಟ್ಟುವುದೇ ಇಲ್ಲ.

ಇದನ್ನು ಶುಚಿ ಮಾಡುವ ಕ್ರಮ ಹೀಗೆ: ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು, ಯು.ಪಿ.ಎಸ್.ನಿಂದಲೂ ಬಿಡಿಸಬೇಕು. ಆಮೇಲೆ ಹಚ್ಚುವ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಹರಿದುಹೋಗುವುದು. ಪಕ್ಕದ ತಗಡನ್ನು ತೆಗೆದು, ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿರಿ; ಮೈಯಲ್ಲಿ ಸೇರಿದ ಸ್ಥಿರವಿದ್ಯುತ್ತು ಇಳಿದು ಸೂಕ್ಷ್ಮಭಾಗಗಳಿಗೆ ಅಪಾಯ ತಪ್ಪುತ್ತದೆ. ಅನಂತರ ಮೆತ್ತನೆಯ ಒಣ ಕುಂಚದಿಂದಲೂ ಗಾಳಿ ಊದುವ ಬ್ಲೋವರಿನಿಂದಲೂ ಧೂಳನ್ನು ಹೊರಡಿಸಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಬಿಟ್ಟರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಕೆಡಬಹುದು. ಒದ್ದೆ ಬಟ್ಟೆ ಸರ್ವಥಾ ಕೂಡದು. ವಿದ್ಯುತ್ ಒದಗಿಸುವ ಲೋಹದ ಪೆಟ್ಟಿಗೆಯನ್ನು, ಅಂದರೆ ಪವರ್ ಸಪ್ಲೈಯನ್ನು, ಎಂದಿಗೂ ಬಿಚ್ಚಬೇಡಿರಿ; ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಲ್ಲದು.

ಹಿತ್ತಿಲಿನಲ್ಲಿ ಈ ಕೆಲಸ ಮಾಡಿದಾಗ ಹೊರಟ ಧೂಳನ್ನು ಕಂಡು ಭಾವನವರು ಮೂಗು ಮುಚ್ಚಿಕೊಂಡರು. ಹಲ್ಲೆಗಳ ನಡುವಿನಿಂದ ಬೂದುಬಣ್ಣದ ಹತ್ತಿಯಂಥ ಪದರವೊಂದು ಇಡಿಯಾಗಿ ಎದ್ದು ಬಂದಿತು. ಮತ್ತೆ ಅಳೆದೆವು: ೮೨ ಡಿಗ್ರಿ.

ಬಟಾಣಿಯಷ್ಟು ಲೇಪ

ಇನ್ನುಳಿದುದು ಎಲ್ಲಕ್ಕಿಂತ ನಾಜೂಕಾದ ಕೆಲಸ. ಪ್ರೊಸೆಸರಿನ ಮೈಯೂ ಹೀಟ್ ಸಿಂಕಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳಲ್ಲಿ ಸೂಕ್ಷ್ಮವಾದ ಉಬ್ಬುತಗ್ಗುಗಳುಂಟು. ಎರಡನ್ನೂ ಜೋಡಿಸಿದಾಗ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಯಂಥ ಕಂಬಳಿ ಬೇರೊಂದಿಲ್ಲ. ತಾಮ್ರವು ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಮೀರಿ ಕಾವನ್ನು ಸಾಗಿಸಬಲ್ಲದು. ಈ ಸಂದುಗಳನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಎಂಬ ಲೇಪವಿದೆ. ಅದು ತಾಮ್ರಕ್ಕೆ ಸಾಟಿಯಲ್ಲ. ಗಾಳಿಗಿಂತ ನೂರು ಪಾಲು ಮೇಲು. ಕೆಲವು ವರ್ಷಗಳ ಕಾವಿಗೆ ಈ ಲೇಪ ಒಣಗಿ ಬಿರುಕುಬಿಡುತ್ತದೆ.

ಹೀಟ್ ಸಿಂಕನ್ನು ತೆಗೆಯುವ ಮೊದಲು ಯಂತ್ರವನ್ನು ಐದು ಹತ್ತು ನಿಮಿಷ ನಡೆಸಿ, ಅನಂತರ ಆರಿಸಿ ಪ್ಲಗ್ಗು ಕೀಳುವುದು ಮೇಲು. ಬೆಚ್ಚಗಾದ ಲೇಪ ಸುಲಭವಾಗಿ ಬಿಡುತ್ತದೆ. ಫ್ಯಾನಿನ ತಂತಿಯನ್ನು ಮೊದಲು ಬಿಡಿಸಬೇಕು. ಇಂಟೆಲ್ ಪ್ರೊಸೆಸರಿನೊಡನೆ ಬರುವ ಫ್ಯಾನಿಗೆ ಸಾಮಾನ್ಯವಾಗಿ ನಾಲ್ಕು ಮೂಲೆಗಳಲ್ಲಿ ನಾಲ್ಕು ಗೂಟಗಳು. ತಲೆಯ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿ ಮೇಲಕ್ಕೆಳೆದರೆ ಅವು ಬಿಡುತ್ತವೆ. ಎ.ಎಂ.ಡಿ. ಸಂಸ್ಥೆಯ ಹಳೆಯ ಮಾದರಿಗಳಲ್ಲಿ ಸೂಜಿಯಂಥ ಕಾಲುಗಳು ಪ್ರೊಸೆಸರಿನಲ್ಲೇ ಇರುವುದರಿಂದ, ಹೀಟ್ ಸಿಂಕನ್ನು ಜಗ್ಗಿ ಕಿತ್ತರೆ ಪ್ರೊಸೆಸರೂ ಅದಕ್ಕೆ ಅಂಟಿಕೊಂಡೇ ಬಂದು ಕಾಲುಗಳು ಬಾಗುವ ಭಯವುಂಟು. ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಬೇಕು.

ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ, ನಾರು ಬಿಡದ ಬಟ್ಟೆಯಿಂದ ಒರಸಿ, ಮೈ ಹೊಳೆಯುವಂತೆ ಮಾಡಿ, ಪೂರ್ತಿ ಒಣಗಿದ ಮೇಲೆ ನಡುಮಧ್ಯದಲ್ಲಿ ಬಟಾಣಿಕಾಳಿನಷ್ಟು ಹೊಸ ಲೇಪವಿಟ್ಟರೆ ಸಾಕು. ಹೆಚ್ಚಾದರೆ ಒಳ್ಳೆಯದೆಂದು ದೋಸೆಗೆ ಬೆಣ್ಣೆ ಹಚ್ಚಿದಂತೆ ಹಚ್ಚಬಾರದು. ದಪ್ಪ ಪದರ ತಾನೇ ತಡೆಯಾಗುತ್ತದೆ. ಹೀಟ್ ಸಿಂಕನ್ನು ನೇರವಾಗಿ ಇಳಿಸಿ, ಗೂಟಗಳನ್ನಾಗಲಿ ಸ್ಕ್ರೂಗಳನ್ನಾಗಲಿ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಬೇಕು. ಕೊನೆಗೆ ಫ್ಯಾನಿನ ತಂತಿಯನ್ನು ಮರೆಯದೆ ಸಿಕ್ಕಿಸಬೇಕು. ಹೀಟ್ ಸಿಂಕ್ ಇಲ್ಲದೆ ಒಂದು ನಿಮಿಷವೂ ಯಂತ್ರವನ್ನು ಹಚ್ಚತಕ್ಕದ್ದಲ್ಲ. 'ದ್ರವಲೋಹ' ಎಂಬ ಬೇರೊಂದು ಲೇಪವೂ ಮಾರಾಟಕ್ಕಿದೆ; ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿಂದುಹಾಕುವುದು, ವಿದ್ಯುತ್ತನ್ನೂ ಹರಿಯಗೊಡುವುದು. ಮನೆಯವರಿಗೆ ಅದರ ಗೊಡವೆ ಬೇಡ.

ಈ ಕೆಲಸವನ್ನು ನಾನು ಮಾಡಲಿಲ್ಲ. ಪಕ್ಕದಲ್ಲಿ ಕುಳಿತು ಹೇಳುತ್ತ ಹೋದೆ, ಹುಡುಗಿಯೇ ಮಾಡಿದಳು. ಹೀಟ್ ಸಿಂಕನ್ನು ತೆಗೆಯುವಾಗಲೇ ಒಂದು ಮೂಲೆಯ ಗೂಟ ಅರ್ಧ ಮೇಲೆದ್ದಿದ್ದುದನ್ನು ಅವಳೇ ಕಂಡುಹಿಡಿದಳು. ಎಷ್ಟು ದಿನಗಳಿಂದ ಹೀಟ್ ಸಿಂಕ್ ಓರೆಯಾಗಿ ಕುಳಿತಿತ್ತೋ!

ಉರಿಯನ್ನೇ ಸಣ್ಣದು ಮಾಡುವುದು

ಒಲೆಯ ಮೇಲಿನ ಹಾಲು ಉಕ್ಕುವಾಗ ಊದುವುದು ಒಂದು ಉಪಾಯ; ಉರಿಯನ್ನು ತಗ್ಗಿಸುವುದು ಇನ್ನೊಂದು. ಪ್ರೊಸೆಸರಿಗೂ ಇದು ಸಲ್ಲುತ್ತದೆ. ಈಗಿನ ಪ್ರೊಸೆಸರುಗಳು ಬೇಕೆನಿಸಿದಾಗ ತಮ್ಮ ಸಾಮಾನ್ಯ ವೇಗವನ್ನು ಮೀರಿ ಓಡುವ ಗುಣವುಳ್ಳವು. ವಿಂಡೋಸ್ ಇರುವ ಅನೇಕ ಯಂತ್ರಗಳಲ್ಲಿ, ಪವರ್ ಆಪ್ಷನ್ಸ್ ಎಂಬಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಎಂಬುದನ್ನು ೧೦೦ರಿಂದ ೯೯ಕ್ಕೆ ಇಳಿಸಿದರೆ ಈ ಮೀರಿದ ಓಟ ನಿಲ್ಲುವುದು. ಪತ್ರ ಬರೆಯುವುದಕ್ಕೆ, ಪಾಠ ಕೇಳುವುದಕ್ಕೆ, ಲೆಕ್ಕ ಇಡುವುದಕ್ಕೆ ಇದರಿಂದ ಕುಂದೇನೂ ತೋರದು. ಕಾವು ಮಾತ್ರ ಎದ್ದು ಕಾಣುವಂತೆ ಇಳಿಯುತ್ತದೆ.

ತಿಳಿದವರು ಬಯಾಸ್ ಪುಟದಲ್ಲಿ ಪ್ರೊಸೆಸರಿನ ವೋಲ್ಟೇಜನ್ನೂ ಸ್ವಲ್ಪ ತಗ್ಗಿಸುವುದುಂಟು. ಪ್ರೊಸೆಸರಿನ ಕೆಲಸದಿಂದ ಹುಟ್ಟುವ ಕಾವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ, ನೂರಕ್ಕೆ ಹತ್ತು ಪಾಲು ವೋಲ್ಟೇಜು ಇಳಿದರೆ ಆ ಕಾವು ನೂರಕ್ಕೆ ಹತ್ತೊಂಬತ್ತು ಪಾಲು ಇಳಿಯುತ್ತದೆ. ಆದರೆ ತೀರ ತಗ್ಗಿಸಿದರೆ ಯಂತ್ರ ತಡವರಿಸುವುದು. ಅನುಭವವಿಲ್ಲದವರು ಇದಕ್ಕೆ ಕೈಹಾಕದಿರುವುದೇ ಲೇಸು.

ಇಷ್ಟೆಲ್ಲ ಆದಮೇಲೂ ಕಾವು ಇಳಿಯದಿದ್ದರೆ ದೊಡ್ಡ ಹೀಟ್ ಸಿಂಕನ್ನು ಕೊಳ್ಳಬಹುದು. ಅವುಗಳಲ್ಲಿರುವ ತಾಮ್ರದ ಕೊಳವೆಗಳು ನೋಡಲು ಗಟ್ಟಿ ಸರಳುಗಳಂತಿದ್ದರೂ ಒಳಗೆ ಟೊಳ್ಳು. ಗಾಳಿ ತೆಗೆದ ಆ ಟೊಳ್ಳಿನಲ್ಲಿ ಸ್ವಲ್ಪವೇ ನೀರಿರುತ್ತದೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ ಕಾವನ್ನು ಹೊತ್ತೊಯ್ದು, ತಂಪು ತುದಿಯಲ್ಲಿ ಮತ್ತೆ ನೀರಾಗಿ ಹಿಂದಿರುಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಆವಿಯ ಇದೇ ಗುಣದಿಂದ. ಈ ಬಗೆಯ ಕೊಳವೆಯನ್ನು ೧೯೬೩ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬಾತ ಬಳಕೆಗೆ ತಂದನು.

ಯಂತ್ರ ಆರುವುದಕ್ಕೆಲ್ಲ ಕಾವೇ ಕಾರಣವೆಂದು ಮಾತ್ರ ತಿಳಿಯಬಾರದು. ತಂಪು ಹೊತ್ತಿನಲ್ಲೂ ಆರುತ್ತಿದ್ದರೆ, ಅಂಕಿ ೬೦ ದಾಟದೆಯೇ ಆರುತ್ತಿದ್ದರೆ, ರೋಗ ಬೇರೆ. ಆಗ ಅಂಗಡಿಯವನ ಬಳಿಗೆ ಹೋಗಲೇಬೇಕು. ಅಳೆದು ನೋಡುವುದರ ಲಾಭ ಇದೇ.

ಸಂಜೆ ಐದರ ಹೊತ್ತಿಗೆ ನಮ್ಮ ಕೆಲಸ ಮುಗಿಯಿತು. ಖರ್ಚು, ಲೇಪಕ್ಕೂ ಆಲ್ಕೊಹಾಲಿಗೂ ಸೇರಿ ಐನೂರು ರೂಪಾಯಿಯೊಳಗೆ. ಮರುದಿನ ಮಧ್ಯಾಹ್ನ, ಅದೇ ಬಿಸಿಲು, ಅದೇ ೩೭ ಡಿಗ್ರಿ. ಹುಡುಗಿ ಲೆಕ್ಕ ಹಚ್ಚಿದಳು. ಎಲ್ಲರೂ ಪರದೆಯ ಮುಂದೆ ಕುಳಿತೆವು. ಅಂಕಿ ೭೦ ದಾಟಿತು, ೭೩ಕ್ಕೆ ಬಂದಿತು, ಅಲ್ಲಿಯೇ ನಿಂತಿತು. ಒಂದು ಗಂಟೆ, ಎರಡು ಗಂಟೆ. ಫ್ಯಾನಿನ ಭೋರ್ಗರೆತವೂ ತಗ್ಗಿದ್ದುದರಿಂದ ಪಕ್ಕದ ಮನೆಯ ರೇಡಿಯೋ ಕೇಳಿಸತೊಡಗಿತು.

ವರದಿ ಸಕಾಲಕ್ಕೆ ಕಾಲೇಜಿಗೆ ಸೇರಿತೆಂದು ಮುಂದೆ ತಂಗಿ ಫೋನಿನಲ್ಲಿ ತಿಳಿಸಿದಳು. ಬ್ಯಾಂಕಿನ ಹಣ ಶುಲ್ಕಕ್ಕೇ ಹೋಯಿತಂತೆ. ಮಗಳು ಪಂಚಾಂಗದ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದಾಳೆ: 'ಯುಗಾದಿಗೆ ಮುಂಚೆ, ದೀಪಾವಳಿಗೆ ಮುಂಚೆ: ಧೂಳು'. ಮನೆ ಸಾರಿಸುವ ದಿನವೇ ಯಂತ್ರಕ್ಕೂ ಸ್ನಾನ.

"ಗವುಸು ಏನಾಯಿತು?" ಎಂದು ಕೇಳಿದೆ.

"ಅದೀಗ ಹೊಲಿಗೆಯಂತ್ರದ ಮೇಲಿದೆ, ಅಣ್ಣ," ಎಂದಳು ತಂಗಿ. "ಅದಕ್ಕೆ ಜ್ವರ ಬರುವುದಿಲ್ಲವಷ್ಟೆ?"